ಒಂದು ಗೋಲಿನ ಲೆಕ್ಕ

ಹೋದ ಡಿಸೆಂಬರಿನಲ್ಲಿ ನಮ್ಮ ಪಿ.ಟಿ. ಮೇಷ್ಟ್ರು ತೀರಿಕೊಂಡರು. ಸಂಚಿಕೆಗೆ ಏನಾದರೂ ಬರೆದುಕೊಡಿ ಅಂತ ಶಾಲೆಯಿಂದ ಫೋನ್ ಬಂತು. ಏನು ಬರೆಯಲಿ ಅಂತ ಕೂತರೆ ಅವರು ಕಲಿಸಿದ ಒಂದು ಆಸನವೂ ನೆನಪಿಗೆ ಬರಲಿಲ್ಲ. ನೆನಪಿಗೆ ಬಂದಿದ್ದು ಅಹ್ಮದ್ ಖಾನ್.

ಈ ಹೆಸರು ಈಗಿನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ. ನಿಮ್ಮ ಅಪ್ಪಂದಿರಿಗೂ ಗೊತ್ತಿರಲಿಕ್ಕಿಲ್ಲ ಬಿಡಿ. ನಮ್ಮದೇ ಬೆಂಗಳೂರಿನವರು. 1948ರ ಲಂಡನ್ ಒಲಿಂಪಿಕ್ಸ್, 1952ರ ಹೆಲ್ಸಿಂಕಿ ಒಲಿಂಪಿಕ್ಸ್ ಎರಡರಲ್ಲೂ ಭಾರತಕ್ಕೆ ಫುಟ್‌ಬಾಲ್ ಆಡಿದವರು. ನಡುವೆ 1951ರಲ್ಲಿ ದೆಹಲಿಯ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲೂ ಇದ್ದರು. ಮೇಷ್ಟ್ರು ಹುಡುಗರಾಗಿದ್ದಾಗ ಕಂಟೋನ್ಮೆಂಟಿನ ಮೈದಾನವೊಂದರಲ್ಲಿ ಒಮ್ಮೆ ಅವರ ಆಟ ನೋಡಿದ್ದರಂತೆ. ಒಂದೇ ಒಂದು ಸಲ. ಅದನ್ನೇ ಮೂವತ್ತು ವರ್ಷ ಮಕ್ಕಳಿಗೆ ಹೇಳಿದರು.

ಮಳೆ ಬಂದರೆ ನಮಗೆ ಹಬ್ಬ. ಪಿ.ಟಿ. ಪೀರಿಯಡ್ಡು ಕ್ಲಾಸಿನೊಳಗೇ. ಆರೋಗ್ಯ ಶಿಕ್ಷಣದ ಪುಸ್ತಕ ತೆಗೆಸುತ್ತಿದ್ದರು, ಹೆಡ್‌ಮಾಸ್ಟರ್ ಆ ಕಡೆ ದಾಟಿದ ಮೇಲೆ ಮುಚ್ಚಿಸುತ್ತಿದ್ದರು. ಆಮೇಲೆ ಬೋರ್ಡಿನ ಮೇಲೆ ಐದು ಚುಕ್ಕಿ. ಬಲದಿಂದ ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೇ. ಕಲ್ಕತ್ತದ ಈಸ್ಟ್ ಬೆಂಗಾಲ್ ತಂಡದ ಫಾರ್ವರ್ಡ್‌ಗಳು, ಅಂದರೆ ಮುಂದೆ ನಿಂತು ಗೋಲು ಹಾಕುವವರು. ಐವರೂ ದಕ್ಷಿಣದವರು. ಇವರನ್ನು ಬಂಗಾಳದವರು 'ಪಂಚಪಾಂಡವರು' ಅಂತ ಕರೆಯುತ್ತಿದ್ದರು. 1949ರಿಂದ 51ರವರೆಗೆ ಮೂರು ವರ್ಷ ಸತತವಾಗಿ ಐಎಫ್‌ಎ ಶೀಲ್ಡ್ ಅನ್ನುವ ಕಲ್ಕತ್ತದ ಫುಟ್‌ಬಾಲ್ ಟೂರ್ನಿ ಗೆದ್ದ ತಂಡ ಅದು.

ಅಹ್ಮದ್ ಖಾನ್ ಇನ್‌ಸೈಡ್ ಲೆಫ್ಟ್, ಅಂದರೆ ಐವರ ಸಾಲಿನಲ್ಲಿ ನಡುವಿನವರ ಎಡಪಕ್ಕ. ಚೆಂಡು ಅವರ ಕಾಲಿಗೆ ಸಿಕ್ಕಿದರೆ ಪುಂಗಿಯ ಮುಂದೆ ಹಾವು ಆಡಿದ ಹಾಗೆ ಆಡುತ್ತಿತ್ತಂತೆ. ಅದಕ್ಕೇ ಅವರಿಗೆ ಹಾವಾಡಿಗ ಅಂತ ಅಡ್ಡಹೆಸರು. ಇದನ್ನು ಹೇಳುವಾಗ ಮೇಷ್ಟ್ರು ಡಸ್ಟರನ್ನು ನೆಲಕ್ಕೆ ಹಾಕಿ, ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಅದನ್ನು ಬೆಂಚುಗಳ ನಡುವೆ ತಳ್ಳಿಕೊಂಡು ಹೋಗುತ್ತಿದ್ದರು. ಹೊಟ್ಟೆ ಸ್ವಲ್ಪ ಅಡ್ಡ ಬರುತ್ತಿತ್ತು. ಆದರೂ ಡಸ್ಟರ್ ಒಂದು ಬೆಂಚಿಗೂ ತಾಗುತ್ತಿರಲಿಲ್ಲ.

ಇದರ ಪರಿಣಾಮ ಬೇರೆ ಕಡೆ ಆಯಿತು. ಅರ್ಧವಾರ್ಷಿಕ ಪರೀಕ್ಷೆಯ ಕನ್ನಡ ಪೇಪರಿನಲ್ಲಿ 'ಪಾಂಡವರನ್ನು ಹೆಸರಿಸಿ' ಅಂತ ಪ್ರಶ್ನೆ. ನಮ್ಮ ಗೋಲ್‌ಕೀಪರ್ ಮಹಾಶಯ ವೆಂಕಟೇಶ್, ಅಪ್ಪಾರಾವ್ ಅಂತ ಶುರುಮಾಡಿ ಸಾಲೇವರೆಗೂ ಬರೆದು ಬಂದ. ಸೊನ್ನೆ ಬಂತು. ಮೇಷ್ಟ್ರು ಸ್ಟಾಫ್ ರೂಮಿಗೆ ಹೋಗಿ, 'ಕ್ರಮ ಸರಿಯಾಗಿದೆ, ಅರ್ಧ ಅಂಕನಾದರೂ ಕೊಡಿ' ಅಂತ ಕೇಳಿದ್ದರಂತೆ. ಕನ್ನಡ ಪಂಡಿತರು ಅವರ ಜೊತೆ ಒಂದು ವಾರ ಮಾತಾಡಲಿಲ್ಲ.

ಅವರಿಗೆ ತುಂಬಾ ಇಷ್ಟವಾದ ಕಥೆ ಮಾತ್ರ ಸೋಲಿನದು. 1948ರಲ್ಲಿ ಲಂಡನ್ ಹತ್ತಿರದ ಇಲ್ಫರ್ಡ್‌ನಲ್ಲಿ ಫ್ರಾನ್ಸ್ ಮೇಲೆ 1-2 ಸೋತಿದ್ದು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲು. ನಮ್ಮ ಒಂದೇ ಗೋಲು ಹಾಕಿದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಸಿಕ್ಕ ಎರಡು ಪೆನಾಲ್ಟಿಯನ್ನೂ ಕಳೆದುಕೊಂಡೆವು. ಮ್ಯಾಚು ಇನ್ನೇನು ಮುಗಿಯಿತು ಅನ್ನುವಾಗ ಫ್ರಾನ್ಸ್ ಗೆಲುವಿನ ಗೋಲು ಹಾಕಿತು. ಆ ಪೆನಾಲ್ಟಿಗಳ ಮಾತು ಬಂದಾಗ ಮೇಷ್ಟ್ರು ಇವತ್ತು ಬೆಳಿಗ್ಗೆ ನಡೆದಿದ್ದೇನೋ ಅನ್ನುವ ಹಾಗೆ ತಲೆ ಚಚ್ಚಿಕೊಳ್ಳುತ್ತಿದ್ದರು. ನಾಲ್ಕು ವರ್ಷ ಕಳೆದು ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ ನಮಗೆ ಹತ್ತು ಗೋಲು ಹೊಡೆಯಿತು. ಹತ್ತು! ನಮ್ಮದು ಒಂದು. 'ಆ ಒಂದು ಯಾರದ್ದು?' ಅಂತ ಮೇಷ್ಟ್ರು ಕೇಳುತ್ತಿದ್ದರು. ನಲವತ್ತೆರಡು ಮಕ್ಕಳು ಒಟ್ಟಿಗೆ ಅಹ್ಮದ್ ಖಾನ್ ಅಂತ ಕಿರುಚುತ್ತಿದ್ದೆವು. ಪಕ್ಕದ ಕ್ಲಾಸಿನ ಗಣಿತದ ಮೇಡಂ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು.

ಈಗ ನಮ್ಮ ಕಿತಾಪತಿಗೆ ಬರುತ್ತೇನೆ. 1981, ನಾನು ಒಂಬತ್ತನೇ ಕ್ಲಾಸು. ಶಾಲೆಗೆ ಯಾರೋ ಪುಣ್ಯಾತ್ಮರು ಹನ್ನೆರಡು ಜೊತೆ ಫುಟ್‌ಬಾಲ್ ಬೂಟು ದಾನ ಕೊಟ್ಟಿದ್ದರು. ಅಂತರಶಾಲಾ ಪಂದ್ಯದ ಹಿಂದಿನ ದಿನ ನಾವು ಮೂವರು ಸೇರಿ ಅಷ್ಟನ್ನೂ ಗೋಣಿಚೀಲಕ್ಕೆ ತುಂಬಿ, ವಿಜ್ಞಾನ ಲ್ಯಾಬಿನ ಅಟ್ಟದ ಮೇಲೆ ಅಡಗಿಸಿಟ್ಟೆವು. ಪ್ಲಾನು ನನ್ನದೇ. (ಲೀಡರ್‌ಶಿಪ್ಪು ಆಗಲೇ ಇತ್ತು. ಮುಂದೆ ಫ್ಯಾಕ್ಟರಿಯಲ್ಲಿ ಇನ್ನೂರು ಜನರನ್ನು ನೋಡಿಕೊಂಡಿದ್ದು ಸುಮ್ನೆ ಅಲ್ಲ.) ಅಹ್ಮದ್ ಖಾನ್ ಹಾಗೆ ಬರಿಗಾಲಲ್ಲಿ ಆಡಿ ತೋರಿಸಬೇಕು, ಮೇಷ್ಟ್ರು ಹಿಗ್ಗಬೇಕು ಅಂತ ಆಸೆ.

ಮರುದಿನ ಬೆಳಿಗ್ಗೆಯೇ ಮಳೆ. ಮೈದಾನ ಗದ್ದೆ. ಎದುರಿನವರ ಬೂಟಿನ ಕೆಳಗೆ ನಮ್ಮ ಬೆರಳುಗಳು. ಸ್ಕೋರು 1-7. ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ: ಆ ಒಂದು ಗೋಲು ನನ್ನದು. ಎಡಗಾಲಿನಲ್ಲಿ.

ಮೇಷ್ಟ್ರು ಹೊಡೆಯುತ್ತಾರೆ ಅಂದುಕೊಂಡಿದ್ದೆವು. ಅವರು ನಮ್ಮನ್ನು ಸಾಲಾಗಿ ಕೂರಿಸಿ ಒಬ್ಬೊಬ್ಬರ ಕಾಲು ತೊಳೆದು ಟಿಂಕ್ಚರ್ ಹಚ್ಚಿದರು. ಅದೇ ಹೊಡೆತಕ್ಕಿಂತ ಜಾಸ್ತಿ ಉರಿಯಿತು. ಹಚ್ಚುತ್ತಾ ಹೇಳಿದರು: 'ಅವರಿಗೆ ಹುಟ್ಟಿನಿಂದ ಬರಿಗಾಲು ಅಭ್ಯಾಸ ಕಣ್ರೋ. ನಿಮಗೆ ಹವಾಯಿ ಚಪ್ಪಲಿ ಅಭ್ಯಾಸ. ಹತ್ತು ಗೋಲು ತಿಂದ ಮೇಲೆ ದೇಶಕ್ಕೇ ಬುದ್ಧಿ ಬಂತು, ಬೂಟು ಕಡ್ಡಾಯ ಮಾಡಿದರು. ನಿಮಗೆ ಏಳಕ್ಕಾದರೂ ಬರಲಿ.' ಒಂದು ತಿಂಗಳು ಹನ್ನೆರಡು ಜೊತೆ ಬೂಟಿಗೂ ನಾವೇ ಎಣ್ಣೆ ಹಚ್ಚಿದೆವು.

ಅವರ ಒಂದು ಮಾತು ಮಾತ್ರ ನಡೆಯಲಿಲ್ಲ. 'ಅಹ್ಮದ್ ಖಾನ್ ಸಾಹೇಬರು ಇದೇ ಊರಲ್ಲಿದ್ದಾರೆ. ಒಂದು ಭಾನುವಾರ ಎಲ್ಲರನ್ನೂ ಕರೆದುಕೊಂಡು ಹೋಗ್ತೀನಿ' ಅನ್ನುತ್ತಿದ್ದರು. ಆ ಭಾನುವಾರ ಬರಲೇ ಇಲ್ಲ. ಪರೀಕ್ಷೆ ಬಂತು, ರಜೆ ಬಂತು, ನಾವು ಪಾಸಾದೆವು. ಆಟಗಾರರಿಗೆ ಕೊಡುವ ಅರ್ಜುನ ಪ್ರಶಸ್ತಿ ಶುರುವಾಗಿದ್ದು 1961ರಲ್ಲಿ. ಅಷ್ಟರಲ್ಲಿ ಅಹ್ಮದ್ ಖಾನ್ ಅವರ ಆಟವೇ ಮುಗಿದಿತ್ತು. ಊರು ಕ್ರಿಕೆಟ್ಟಿನ ಹಿಂದೆ ಹೋಯಿತು. 2017ರ ಆಗಸ್ಟಿನಲ್ಲಿ ಪೇಪರಿನ ಕ್ರೀಡಾಪುಟದಲ್ಲಿ ಅವರು ತೀರಿಕೊಂಡ ಸುದ್ದಿ ಓದಿದೆ. ತೊಂಬತ್ತು ವರ್ಷ. ಬೆಂಗಳೂರಿನಲ್ಲೇ. ಅಂದರೆ ನಾನು ಮೂವತ್ತಾರು ವರ್ಷ ಅದೇ ಊರಲ್ಲಿ ಸ್ಕೂಟರು, ಕಾರು ಓಡಿಸಿಕೊಂಡಿದ್ದೆ. ಅವರ ಮನೆಗೆ ಹೋಗಲು ಅರ್ಧ ಗಂಟೆಯೂ ಬೇಕಾಗಿರಲಿಲ್ಲ. ಮೇಷ್ಟ್ರಿಗೆ ಫೋನ್ ಮಾಡಿದೆ. ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, 'ನಾನೂ ಹೋಗಲಿಲ್ಲ ಕಣೋ. ಏನಂತ ಹೋಗೋದು ಅನ್ನಿಸ್ತಿತ್ತು' ಅಂದರು.

2023ರಲ್ಲಿ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ ರಾಜ್ಯ ತಂಡಗಳ ಫುಟ್‌ಬಾಲ್ ಟೂರ್ನಿ ಸಂತೋಷ್ ಟ್ರೋಫಿ ಗೆದ್ದಾಗ ಮೇಷ್ಟ್ರೇ ಫೋನ್ ಮಾಡಿದರು. ಹಿಂದಿನ ಸಲ ಗೆದ್ದಾಗ ನಮ್ಮ ರಾಜ್ಯದ ಹೆಸರು ಇನ್ನೂ ಮೈಸೂರು. ಐವತ್ತನಾಲ್ಕು ವರ್ಷದ ನಂತರದ ಗೆಲುವು. ನಮ್ಮಿಬ್ಬರ ಕೊನೆಯ ಮಾತುಕತೆ ಅದು.

ಮೇಷ್ಟ್ರ ನೆನಪಿನ ಸಭೆಗೆ ಶಾಲೆಗೆ ಹೋದೆ. ನಾವು ಆಡಿದ ಮೈದಾನದ ಅರ್ಧದಲ್ಲಿ ಹೊಸ ಕಟ್ಟಡ. ಕಂಪ್ಯೂಟರ್ ಲ್ಯಾಬು ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ವಾರಕ್ಕೆ ಎರಡು ಪಿ.ಟಿ. ಪೀರಿಯಡ್ಡು ಟೈಮ್‌ಟೇಬಲ್‌ನಲ್ಲಿ ಇದೆ, ಒಂದನ್ನು ಗಣಿತ ತೆಗೆದುಕೊಳ್ಳುತ್ತದಂತೆ. ನನ್ನ ಮೊಮ್ಮಗ ಗಂಟೆಗಿಷ್ಟು ಅಂತ ದುಡ್ಡು ಕೊಟ್ಟು ಪ್ಲಾಸ್ಟಿಕ್ ಹುಲ್ಲಿನ ಮೇಲೆ ಆಡುತ್ತಾನೆ. ಅವನ ಬೂಟಿನ ಬೆಲೆ ನನ್ನ ಮೊದಲ ಆರು ತಿಂಗಳ ಸಂಬಳ. ಬ್ರೆಜಿಲ್‌ನ ಆಟಗಾರರ ಹೆಸರು ಅವನ ಬಾಯಲ್ಲಿ ನೀರು ಕುಡಿದ ಹಾಗೆ ಬರುತ್ತದೆ.

ಸಭೆ ಮುಗಿದ ಮೇಲೆ ಗೆಳೆಯರ ನಡುವೆ ಹಳೇ ಜಗಳ ಎದ್ದಿತು. ಅದೇ ಪಾಂಡವರ ಗೋಲ್‌ಕೀಪರ್, 'ಆ ಗೋಲು ನಿಂದಲ್ಲ. ಅವರ ಬ್ಯಾಕಿನ ಮೊಣಕಾಲಿಗೆ ತಾಗಿ ಒಳಗೆ ಹೋಯ್ತು' ಅಂದ. ನಲವತ್ತು ವರ್ಷದಿಂದ ಹೀಗೇ ಅನ್ನುತ್ತಾನೆ. ಅವನಿದ್ದಿದ್ದು ಮೈದಾನದ ಇನ್ನೊಂದು ತುದಿಯಲ್ಲಿ, ಅಲ್ವಾ? ಕೊನೆಗೆ ಆಫೀಸಿನವರು ಬೀರು ತೆಗೆದು ಮೇಷ್ಟ್ರ ಹಳೇ ಆಟದ ರಿಜಿಸ್ಟರ್ ಹುಡುಕಿ ಕೊಟ್ಟರು. ಹುಳ ತಿಂದ ಅಂಚು, ಕೆಂಪು ಶಾಯಿ, ಅವರದೇ ಗುಂಡು ಅಕ್ಷರ. 1981, ಅಂತರಶಾಲಾ, 1-7. ಗೋಲು ಹಾಕಿದವರು ಅನ್ನುವ ಕಡೆ ನನ್ನ ಹೆಸರಿಲ್ಲ, ಯಾರ ಹೆಸರೂ ಇಲ್ಲ. 'ಬರಿಗಾಲು' ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು.

ಗೋಲ್‌ಕೀಪರ್ ಇನ್ನೂ ನಗುತ್ತಲೇ ಇದ್ದ. ನಾನು ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಓದಿದೆ.