ಯಾರೂ ಕೇಳದ ನಾಳಗಳು

ಇವತ್ತು ಆಶಾ ಕಾರ್ಯಕರ್ತೆ ಆನೆಕಾಲು ರೋಗದ ಮಾತ್ರೆ ತಂದಿದ್ದರು, ಎದುರಿಗೇ ನುಂಗಬೇಕು ಅಂದರು. ಪಕ್ಕದ ಮನೆಯವರು ಬೇಡ ಅಂದರಂತೆ. ನಾನು ನುಂಗಿದೆ.

ಸೊಳ್ಳೆಯಿಂದ ಬರುವ ಆ ದಾರದಂಥ ಹುಳು ಬೀಡುಬಿಡುವುದು ದುಗ್ಧನಾಳಗಳಲ್ಲಿ. ಪಾಪ, ಹೃದಯಕ್ಕಿರುವ ಹೆಸರು ಇವಕ್ಕಿಲ್ಲ. ರಕ್ತನಾಳಗಳಿಂದ ಸೋರಿ ಮೈಯಲ್ಲಿ ಉಳಿದ ನೀರನ್ನು ಇವು ಎತ್ತಿಕೊಂಡು, ದಾರಿಯ ಗ್ರಂಥಿಗಳಲ್ಲಿ ಸೋಸಿ, ಕುತ್ತಿಗೆಯ ಬುಡದಲ್ಲಿ ಮತ್ತೆ ರಕ್ತಕ್ಕೆ ಸೇರಿಸುತ್ತವೆ. ದಿನಕ್ಕೆ ಸುಮಾರು 3 ಲೀಟರ್! ತಳ್ಳಲು ಬೇರೆ ಪಂಪ್ ಇಲ್ಲ. ನಾಳಗಳೇ ಹಿಂಡಿಕೊಳ್ಳುತ್ತವೆ, ಜೊತೆಗೆ ನಮ್ಮ ನಡಿಗೆ, ಉಸಿರಾಟ. ಕಾಲಿನ ಗಾಯ ಕೀವಾದಾಗ ತೊಡೆಸಂದಿಯಲ್ಲಿ ಗಡ್ಡೆ ಏಳುತ್ತದೆ ಅಲ್ವಾ, ಅದೂ ಇದೇ ಗ್ರಂಥಿ, ಸೋಂಕಿನ ಜೊತೆ ಜಗಳಕ್ಕಿಳಿದಿರುತ್ತದೆ.

ಹುಳು ನಾಳವನ್ನು ಕೆಡಿಸಿದರೆ ನೀರು ಕಾಲಲ್ಲೇ ನಿಲ್ಲುತ್ತದೆ. ಹಾಗೆ ದಪ್ಪವಾದ ಕಾಲು ಮೊದಲಿನಂತಾಗುವುದು ಬಹಳ ಕಷ್ಟ.