‘ಪ್ಲೇಟೈಮ್’ ನೋಡೋಕೆ ದೊಡ್ಡ ಪರದೆ ಯಾಕೆ ಬೇಕು

ಕೆಲವು ಕಾಮಿಡಿಗಳನ್ನು ಮೊಬೈಲಿನಲ್ಲಿ ನೋಡಿದರೂ ನಡೆಯುತ್ತದೆ. ಮಾತು ಕೇಳಿಸಿದರೆ ಸಾಕು, ನಗು ಬರುತ್ತದೆ. ಫ್ರೆಂಚ್ ನಿರ್ದೇಶಕ ಜಾಕ್ ತಾತಿಯ ‘ಪ್ಲೇಟೈಮ್’ ಆ ಜಾತಿಯದ್ದಲ್ಲ. ಇದರಲ್ಲಿ ಮಾತು ಇದ್ದೂ ಇಲ್ಲದ ಹಾಗೆ. ಫ್ರೆಂಚು, ಇಂಗ್ಲಿಷು, ಜರ್ಮನ್ ಎಲ್ಲಾ ಕಲಸಿಕೊಂಡು ಕಿವಿಗೆ ಬೀಳುತ್ತಿರುತ್ತವೆ, ಅರ್ಥ ಆಗದಿದ್ದರೂ ನಷ್ಟ ಇಲ್ಲ. ತಮಾಷೆ ಇರುವುದೆಲ್ಲ ಪರದೆಯ ಮೂಲೆಗಳಲ್ಲಿ. ಮೂಲೆ ಮಸುಕಾದರೆ ಜೋಕೇ ಹೋಯಿತು.

ಕಾಲೇಜಿನಲ್ಲಿದ್ದಾಗ ಯಾರೋ ಪೆನ್‌ಡ್ರೈವಿನಲ್ಲಿ ಕೊಟ್ಟ ಕಾಪಿ ನೋಡಿದ್ದೆ. ಎಲ್ಲಾ ಬೂದು ಬೂದು, ಯಾರು ಎಲ್ಲಿ ನಿಂತಿದ್ದಾರೆ ಅನ್ನುವುದೇ ತಿಳಿಯುತ್ತಿರಲಿಲ್ಲ. ಈಗ ಸರಿಪಡಿಸಿದ ಪ್ರಿಂಟಿನ ಬ್ಲೂ-ರೇ ತರಿಸಿ, ನಿಟ್ಟುವಳ್ಳಿಯಲ್ಲಿರುವ ದೊಡ್ಡಪ್ಪನ ಮನೆಯ ಟಿವಿಗೆ ಹಾಕಿದೆ. ಅಲ್ಲಿಗೇ ಯಾಕೆ ಅಂದರೆ ಟಿವಿ ದೊಡ್ಡದು, ಜೊತೆಗೆ ದೊಡ್ಡಪ್ಪ ದಾವಣಗೆರೆಯ ಟಾಕೀಸೊಂದರಲ್ಲಿ ವರ್ಷಗಟ್ಟಲೆ ಆಪರೇಟರ್ ಆಗಿದ್ದವರು. ಊರೂರು ಸುತ್ತಿ ಬಂದ ಹಳೇ ಪ್ರಿಂಟಿನಲ್ಲಿ ಗೀರು ಬಿದ್ದೂ ಬಿದ್ದೂ ಪರದೆ ಮೇಲೆ ಮಳೆ ಸುರಿಯುತ್ತಿದ್ದ ಕಾಲದವರು ಅವರು. ಐದು ನಿಮಿಷ ನೋಡಿ, “ಏನೋ ಇದು, 1967ರ ಸಿನಿಮಾ ಅಂತೀಯ, ಒಂದು ಹನಿ ಮಳೆ ಇಲ್ಲವಲ್ಲೋ!” ಅಂದರು.

ತಾತಿ ಇದನ್ನು ತೆಗೆದದ್ದು 70 ಎಂ.ಎಂ.ನಲ್ಲಿ. ಮಾಮೂಲಿ 35 ಎಂ.ಎಂ. ಫಿಲ್ಮಿಗಿಂತ ಇದರ ಒಂದೊಂದು ಚೌಕವೂ ತುಂಬಾ ದೊಡ್ಡದು, ಹಾಗಾಗಿ ಸಣ್ಣ ಸಣ್ಣ ವಿವರವೂ ಅದರಲ್ಲಿ ಕೂತಿರುತ್ತದೆ. 2002ರ ಹೊತ್ತಿಗೆ ಒಮ್ಮೆ, ಆಮೇಲೆ 4ಕೆಯಲ್ಲಿ ಇನ್ನೊಮ್ಮೆ ಸರಿಪಡಿಸಿದಾಗ ಹೊರಗೆ ಬಂದಿದ್ದು ಆ ವಿವರವೇ. ಕ್ಲೋಸ್‌ಅಪ್ ಅನ್ನುವುದು ಇಲ್ಲವೇ ಇಲ್ಲ ಅನ್ನಬಹುದು. ಕ್ಯಾಮೆರಾ ದೂರ ನಿಂತು ಇಡೀ ಕಟ್ಟಡ ತೋರಿಸುತ್ತದೆ, ಯಾರನ್ನು ನೋಡಬೇಕು ಅಂತ ನೀವೇ ಹುಡುಕಿಕೊಳ್ಳಬೇಕು. ತಾತಿಯೇ ವೇಷ ಹಾಕುವ ಪಾತ್ರ ಮೊಸ್ಯೂ ಉಲೋ. ಕೋಟು, ಟೋಪಿ, ಪೈಪು, ಛತ್ರಿ ನೋಡಿ ಇವನೇ ಉಲೋ ಅಂದುಕೊಂಡರೆ ಅವನು ಬೇರೆ ಯಾರೋ! ಅಂಥ ನಕಲಿ ಉಲೋಗಳು ಸಿನಿಮಾದ ತುಂಬಾ ಓಡಾಡುತ್ತಾರೆ. ಪ್ಯಾರಿಸ್ ನೋಡೋಕೆ ಬಂದ ಅಮೆರಿಕದ ಹೆಂಗಸರಿಗೆ ಕಾಣುವುದು ಬರೀ ಗಾಜಿನ ಕಟ್ಟಡಗಳು. ಐಫೆಲ್ ಟವರ್ ಒಮ್ಮೆ ಬಾಗಿಲು ತೆಗೆಯುವಾಗ ಗಾಜಿನಲ್ಲಿ ಹಾಗೆ ಹೊಳೆದು ಮಾಯ. ಹಳೇ ಕಾಪಿಯಲ್ಲಿ ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಈ ಕಟ್ಟಡಗಳೂ ರಸ್ತೆಯೂ ಪ್ಯಾರಿಸ್ ಹೊರವಲಯದಲ್ಲಿ ತಾತಿ ಕಟ್ಟಿಸಿದ ಸೆಟ್ಟು. ಜನ ಅದನ್ನು ತಾತಿವಿಲ್ ಅಂತಲೇ ಕರೆದರು. ದೂರದಲ್ಲಿ ನಿಂತ ಕೆಲವು ಮನುಷ್ಯರು ರಟ್ಟಿನ ಬೊಂಬೆಗಳು ಅನ್ನುವುದೂ ಈಗ ಗೊತ್ತಾಗುತ್ತದೆ. ಇಷ್ಟು ಸ್ಪಷ್ಟ ಆದರೆ ಮೋಸ ಬಯಲಾಗುತ್ತೆ ಅಂತ ಕೆಲವರು ಹೇಳಬಹುದು. ನನಗಂತೂ ಅದು ಇನ್ನೊಂದು ತಮಾಷೆ, ಆ ಊರಿನ ಜನ ನಡೆದುಕೊಳ್ಳುವುದೂ ರಟ್ಟಿನ ಹಾಗೇ ಅಲ್ವಾ.

ಮೊದಲರ್ಧ ನಿಧಾನ, ಸುಳ್ಳು ಹೇಳಲ್ಲ. ದೊಡ್ಡಮ್ಮ ಎದ್ದು ಮಿರ್ಚಿ ಕರಿಯೋಕೆ ಹೋದರು. ಮಂಡಕ್ಕಿ ತಟ್ಟೆ ಹಿಡಿದು ವಾಪಸ್ ಬಂದಾಗ ರೆಸ್ಟೋರೆಂಟ್ ಸೀನು ಶುರುವಾಗಿತ್ತು, ಆಮೇಲೆ ಅವರು ಏಳಲಿಲ್ಲ. ಹೋಟೆಲಿನ ಕೆಲಸ ಇನ್ನೂ ಮುಗಿದಿಲ್ಲ, ಆಗಲೇ ಓಪನಿಂಗು. ಒಂದೇ ಮೀನಿಗೆ ಒಬ್ಬರಾದ ಮೇಲೊಬ್ಬರು ಸಪ್ಲೈಯರ್ ಬಂದು ಮಸಾಲೆ ಉದುರಿಸುತ್ತಾರೆ, ಬಡಿಸುವವರು ಮಾತ್ರ ಇಲ್ಲ. ಕುರ್ಚಿಯ ಕಿರೀಟದ ಗುರುತು ಕೂತವರ ಬೆನ್ನ ಮೇಲೆ ಅಚ್ಚು. ಪ್ಯಾಂಟು ಹರಿದುಕೊಂಡ ಒಬ್ಬ ಸಪ್ಲೈಯರ್‌ನ ಹತ್ತಿರ ಉಳಿದವರು ಬಂದು ತಮ್ಮ ಹರಿದದ್ದು, ಕೊಳೆಯಾದದ್ದು ಕೊಟ್ಟು ಅವನ ಒಳ್ಳೆಯದನ್ನು ಬಿಚ್ಚಿಸಿಕೊಂಡು ಹೋಗುತ್ತಾರೆ. ಇದೆಲ್ಲ ಆಗುವುದು ಹಿಂದೆ ಜನ ಕುಣಿಯುತ್ತಿರುವಾಗಲೇ. ಉಲೋ ಕೈಯಲ್ಲಿ ಗಾಜಿನ ಬಾಗಿಲು ಒಡೆದು ಚೂರಾದ ಮೇಲೆ, ಬಾಗಿಲು ಕಾಯುವವನು ಬರೀ ಹಿಡಿಕೆ ಹಿಡಿದುಕೊಂಡು ಗಾಳಿಯನ್ನೇ ತೆರೆದು ಮುಚ್ಚುತ್ತಾನೆ! ದೊಡ್ಡಪ್ಪ ರಿಮೋಟ್ ಕಿತ್ತುಕೊಂಡು ಹಿಂದಕ್ಕೆ ಹಾಕಿಸಿ ಮತ್ತೆ ನೋಡಿದರು. ಟಾಕೀಸಿನಲ್ಲಿ ಇದ್ದಾಗ ಈ ಸೌಕರ್ಯ ಇರಲಿಲ್ಲ ಬಿಡಿ.

ಈ ಸಿನಿಮಾ ತಾತಿಯನ್ನು ಸಾಲದಲ್ಲಿ ಮುಳುಗಿಸಿತು. ಸೆಟ್ಟು ಕೆಡವಿದರು, ಅವನ ಹಳೇ ಸಿನಿಮಾಗಳ ಹಕ್ಕೂ ಕೈಬಿಟ್ಟಿತು. ಅವನೇ ಕತ್ತರಿ ಹಾಕಿ ಚಿಕ್ಕದು ಮಾಡಿದ್ದ, ಈಗ ನಮಗೆ ಸಿಗುವುದು ಸುಮಾರು ಎರಡು ಗಂಟೆಯದ್ದು.

ಮುಂದಿನ ಭಾನುವಾರಕ್ಕೆ ಅವನ ಮೊದಲ ದೊಡ್ಡ ಸಿನಿಮಾ ‘ಜೂರ್ ದ ಫೆತ್’ ಇಟ್ಟುಕೊಂಡಿದ್ದೇವೆ, ಹಳ್ಳಿಯ ಜಾತ್ರೆ, ಸೈಕಲ್ ಮೇಲಿನ ಪೋಸ್ಟ್‌ಮ್ಯಾನ್. ಅದನ್ನು 1947ರಲ್ಲಿ ಕಲರ್ ಫಿಲ್ಮಿನಲ್ಲೇ ತೆಗೆದಿದ್ದರು, ಆದರೆ ಆ ಫಿಲ್ಮಿನಿಂದ ಪ್ರಿಂಟ್ ಹಾಕೋಕೆ ಆಗಲಿಲ್ಲ. ಜೊತೆಗೆ ಇನ್ನೊಂದು ಕ್ಯಾಮೆರಾದಲ್ಲಿ ತೆಗೆದಿಟ್ಟ ಕಪ್ಪು-ಬಿಳುಪೇ 1949ರಲ್ಲಿ ಬಿಡುಗಡೆ ಆಯಿತು. ಕಲರ್ ಹೊರಗೆ ಬಂದಿದ್ದು 1995ರಲ್ಲಿ, ತಾತಿ ಸತ್ತು 13 ವರ್ಷದ ಮೇಲೆ, ಮಗಳು ಸೋಫಿ ಹಿಡಿದ ಹಟದಿಂದ. ದೊಡ್ಡಪ್ಪ ಇದನ್ನು ನಂಬುತ್ತಿಲ್ಲ. “ಆಮೇಲೆ ಬಣ್ಣ ಹಚ್ಚಿರ್ತಾರೆ ಬಿಡೋ” ಅಂತಿದ್ದಾರೆ.