ಪೇಟಿ ಮಾಸ್ತರರು ಮತ್ತು ಮಧ್ಯಮ ಸ್ವರ

ಕಳೆದ ಶ್ರಾವಣದಲ್ಲಿ ನಮ್ಮ ಪೇಟಿ (ಹಾರ್ಮೋನಿಯಂ) ಮಾಸ್ತರರು ತೀರಿಕೊಂಡರು. ಕೊಪ್ಪಳ ಇನ್ನೂ ರಾಯಚೂರು ಜಿಲ್ಲೆಯಲ್ಲಿದ್ದ ಕಾಲಕ್ಕೆ ನಾವು ಇಲ್ಲಿನ ಕಾಲೇಜಿನಲ್ಲಿ ಓದಿದವರು. ಅರ್ಥಶಾಸ್ತ್ರ, ಇತಿಹಾಸದಲ್ಲಿ ಏನು ಕಲಿತೆವೋ ಈಗ ಒಂದೂ ನೆನಪಿಲ್ಲ. ಕೊನೆಯ ಪೀರಿಯಡ್ಡಿಗೆ ಮೂಲೆಯ ಕೋಣೆಯಿಂದ ಬರುತ್ತಿದ್ದ ಪೇಟಿಯ ನಾದ ಮಾತ್ರ ಕಿವಿಯಲ್ಲಿ ಉಳಿದಿದೆ.

ಮಾಸ್ತರರು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳ ಹತ್ತಿರ ಕಲಿತವರು. ಆಶ್ರಮದ ಮಕ್ಕಳ ಅನ್ನಕ್ಕೆಂದು ಗವಾಯಿಗಳು ನಡೆಸುತ್ತಿದ್ದ ನಾಟಕ ಕಂಪನಿಯಲ್ಲಿ ಕಾಲುಪೇಟಿ ನುಡಿಸುತ್ತ ಊರೂರು ತಿರುಗಿದರು. ಹಾಡುತ್ತಿದ್ದ ನಟಿ ನಡುವೆಯೇ ಪಟ್ಟಿ, ಅಂದರೆ ಆಧಾರ ಶ್ರುತಿ, ಏರಿಸಿದರೆ ಬೆರಳೂ ಆ ಕ್ಷಣವೇ ಏರಬೇಕು. ಆ ಪಳಗಿದ ಕೈಗೆ ನಮ್ಮ ಕಾಲೇಜಿನಲ್ಲಿ ಸಿಕ್ಕಿದ್ದು ಅರೆಕಾಲಿಕ ಹುದ್ದೆ.

ಅವರಿಗೊಂದು ಕೊರಗಿತ್ತು. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡು ಪೇಟಿಯಲ್ಲಿ ಬರುವುದಿಲ್ಲ, ಸೂಕ್ಷ್ಮ ಶ್ರುತಿಗಳು ಸಿಗುವುದಿಲ್ಲ ಎಂದು ಆಕಾಶವಾಣಿ 1940ರಲ್ಲಿ ಅದನ್ನು ಹೊರಗಿಟ್ಟಿತು. 1971ರಲ್ಲಿ ನಿಷೇಧ ಸಡಿಲವಾಯಿತಾದರೂ ಹಾಡುವವರ ಸಾಥಿಗಷ್ಟೇ, ಸೋಲೋ ನುಡಿಸುವಂತಿರಲಿಲ್ಲ. ‘ಮೀಂಡು ಬರಾಂಗಿಲ್ಲ, ಖರೆ. ಆದ್ರ ತಿದಿ ಹಿಡಿಯೋ ಕೈಗೆ ಉಸಿರು ಗೊತ್ತಿರಬೇಕು’ ಎನ್ನುತ್ತ, ಒಂದೇ ಸ್ವರವನ್ನು ಉಬ್ಬಿಸಿ ಇಳಿಸಿ ತೋರಿಸುತ್ತಿದ್ದರು. ಹಾಡುವವರ ಪಕ್ಕದಲ್ಲಿ ಕೂತು ಆಯುಷ್ಯ ಕಳೆದರೂ ಅವರು ಪೂರ್ಣ ಕಲಾವಿದರೆಂದು ನನಗೆ ಖಾತ್ರಿಯಾಗಿದ್ದು ಕಾಲೇಜಿನ ಒಂದು ವಾರ್ಷಿಕ ಗ್ಯಾದರಿಂಗಿನ ಸಂಜೆ.

ಅವತ್ತು ಅವರದೇ ಸೋಲೋ ಇತ್ತು. ನಮ್ಮ ಗುಂಪಿನವರು ಹಿಂದಿನ ದಿನವೇ ಪೇಟಿ ಬಿಚ್ಚಿ, ಮೊದಲ ಕಪ್ಪು ಮನೆಯೇ ಷಡ್ಜವಾಗುವ ಅವರ ಕರಿ ಒಂದರ ಪಟ್ಟಿಗೆ ಲೆಕ್ಕ ಹಾಕಿ, ಮೂರೂ ಸಪ್ತಕದ ಮಧ್ಯಮ (ಮ) ಸ್ವರ ಹೊರಡಿಸುವ ರೀಡುಗಳಿಗೆ ಕಾಗದದ ಚೂರು ಸಿಕ್ಕಿಸಿದ್ದರು. ಲೆಕ್ಕ ಹೇಳಿದವನು ನಾನು; ತರಗತಿಯಲ್ಲಿ ಅಷ್ಟು ಸ್ವರಜ್ಞಾನವಿದ್ದವನು ನಾನೊಬ್ಬನೇ. ಮಾಸ್ತರರು ಕೂತು ಒಮ್ಮೆ ಬೆರಳಾಡಿಸಿದರು. ಮಧ್ಯಮ ಮೂಕ. ತಲೆ ಎತ್ತಲಿಲ್ಲ. ಭೂಪ ಶುರು ಮಾಡಿದರು, ಮಧ್ಯಮ ನಿಷಾದ ಎರಡೂ ಬೇಡದ ರಾಗ! ಆಲಾಪ, ಗತ್ತು, ತಾನ ಎಲ್ಲವೂ ಬಂತು. ಸಭೆಗೆ ಸುಳಿವೇ ಹತ್ತಲಿಲ್ಲ. ಮುಗಿಸಿದವರೇ ಪೇಟಿ ಬಿಚ್ಚಿ, ಚೂರುಗಳನ್ನು ತೆಗೆದು ಜುಬ್ಬಾದ ಜೇಬಿಗೆ ಹಾಕಿಕೊಂಡರು. ಆಮೇಲೆ ಮಾಲಕಂಸ. ಮಧ್ಯಮವೇ ಅದರ ಜೀವ. ಒಂದೊಂದು ಸಲ ಅಲ್ಲಿಗೆ ಬಂದು ನಿಂತಾಗಲೂ ನನಗೆ ಮೈ ಜುಮ್ಮೆನ್ನುತ್ತಿತ್ತು.

ಮರುದಿನ ತರಗತಿಯಲ್ಲಿ ಕೇಳಿದ್ದು ಇಷ್ಟೇ: ‘ಯಾರು ಮಾಡೀರಿ ಅಂತ ಕೇಳಾಂಗಿಲ್ಲ. ರಿಷಭ, ಪಂಚಮ ಮುಚ್ಚಿದ್ರ ನಾ ಏನ್ ನುಡಸ್ಬೇಕಿತ್ತು, ಹೇಳ್ರೆಪಾ?’ ‘ಮಾಲಕಂಸ ರೀ ಸರ’ ಎಂದೆ. ‘ಗಾಂಧಾರ, ನಿಷಾದ?’ ‘ದುರ್ಗಾ.’ ಐದೇ ಸ್ವರದ ಔಡವ ರಾಗಗಳನ್ನು ನಾವೆಲ್ಲ ಕಲಿತದ್ದು ಹೀಗೆ. ಆ ವರ್ಷ ಸಂಗೀತದ ಜೂನಿಯರ್ ಪರೀಕ್ಷೆಯಲ್ಲಿ ನನ್ನ ಅಂಕ ನೋಡಿ ಅವರು ಬೆನ್ನು ಚಪ್ಪರಿಸಿದ್ದು ನನಗೆ ಮುಂದೆ ಸಿಕ್ಕ ಯಾವ ಶಾಲಿಗೂ ಕಡಿಮೆಯದಲ್ಲ.

ಈಗ ಗ್ಯಾದರಿಂಗಿನಲ್ಲಿ ಟ್ರ್ಯಾಕ್ ಹಚ್ಚಿ ಹಾಡುತ್ತಾರೆ. ಮಕ್ಕಳ ಕಂಠ ಚೆನ್ನಾಗಿದೆ, ಆದರೆ ಟ್ರ್ಯಾಕು ಯಾರಿಗೂ ಕಾಯುವುದಿಲ್ಲ. ಉಸಿರು ತಪ್ಪಿದ ಹುಡುಗಿಗಾಗಿ ಮಾಸ್ತರರು ಒಂದು ಆವರ್ತನ ಹೆಚ್ಚು ನುಡಿಸುತ್ತಿದ್ದರು. ಅವರ ನಂತರ ಆ ಹುದ್ದೆಗೆ ಯಾರೂ ಬಂದಿಲ್ಲ. ಪೇಟಿ ಕಪಾಟಿನಲ್ಲಿದೆ, ತಿದಿ ಹರಿದಿದೆಯಂತೆ. ರಿಪೇರಿಯ ಖರ್ಚು ನನ್ನದು. ಕೋಣೆಯ ಬೀಗ ತೆಗೆದುಕೊಟ್ಟರೆ ಶನಿವಾರ ಮಧ್ಯಾಹ್ನ ಬಂದು ಕಲಿಸಲು ತಯಾರಿದ್ದೇನೆ. ಪ್ರಾಚಾರ್ಯರಿಗೆ ಪತ್ರ ಬರೆದಿದ್ದೇನೆ.